ಹೂ ಬಿಟ್ಟ ಪುಂಡಿ

ಎಲೆಗೆ ಕೈ ಹಾಕುವ ಮೊದಲೇ ಸುಂಕು ಚುಚ್ಚುತ್ತದೆ. ದಂಟಿನುದ್ದಕ್ಕೂ ಕಣ್ಣಿಗೆ ಬೀಳದಷ್ಟು ಸಣ್ಣ ಮುಳ್ಳು. ಕೈ ಹಿಂದಕ್ಕೆಳೆದುಕೊಂಡು ಬೆರಳನ್ನು ಬಾಯಿಗೆ ಹಾಕುತ್ತೀರಿ, ಬೆರಳೂ ಹುಳಿ. ಮುಂಜಾನೆ ಆರೂವರೆ. ಅಕ್ಕಿಆಲೂರಿನ ಹೊರಗೆ, ಹತ್ತಿ ಹೊಲವೊಂದರ ಬದುವಿನ ಮೇಲೆ, ಇಬ್ಬನಿಗೆ ಮೊಣಕಾಲಿನ ತನಕ ತೊಯ್ದುಕೊಂಡು ನಿಂತಿದ್ದೀರಿ. ದೀಪಾವಳಿ ಆಗಿಹೋಗಿದೆ. ಹಾನಗಲ್ಲಿನ ಕಡೆ ಹೋಗುವ ಮೊದಲ ಬಸ್ಸು ದೂರದಲ್ಲಿ ಹಾರ್ನ್ ಹಾಕುತ್ತದೆ. ನಿಮ್ಮ ಎದುರಿಗೆ, ನಿಮಗಿಂತ ಎರಡು ಮೊಳ ಎತ್ತರಕ್ಕೆ, ಪುಂಡಿಯ ಸಾಲು.

"ದಂಟ ಯಾಕ ಹಿಡಿತೀಯೋ ತಮ್ಮಾ, ತೊಟ್ಟಿಗೆ ಹಿಡಿ," ಎನ್ನುತ್ತಾಳೆ ದೊಡ್ಡವ್ವ. ಅವಳು ಆಗಲೇ ನಾಲ್ಕು ಗಿಡ ಮುಂದಿದ್ದಾಳೆ. ಸೆರಗನ್ನು ನಡುವಿಗೆ ಸಿಕ್ಕಿಸಿ ಉಡಿ ಮಾಡಿಕೊಂಡಿದ್ದಾಳೆ. ಹೆಬ್ಬೆರಳ ಉಗುರಿನಿಂದ ತೊಟ್ಟು ಚಿವುಟುವ ಚಿಟ್ ಚಿಟ್ ಸದ್ದು ಬಿಟ್ಟರೆ ಅವಳ ಕೈಗೆ ಬೇರೆ ಸದ್ದಿಲ್ಲ. ನಿಮ್ಮ ಕೈಯಲ್ಲಿ ಎಲೆ ಹರಿಯುತ್ತದೆ, ತೊಟ್ಟು ಗಿಡದಲ್ಲೇ ಉಳಿಯುತ್ತದೆ.

ಇನ್ನೊಮ್ಮೆ. ತೊಟ್ಟಿನ ಬುಡಕ್ಕೆ ಉಗುರು, ಕೆಳಕ್ಕೆ ಒಂದು ಎಳೆತ. ಬಂತು. ಆದರೆ ಬಂದ ಎಲೆ ನೀವು ಎಣಿಸಿದ್ದ ಎಲೆಯಲ್ಲ. ಶ್ರಾವಣದಲ್ಲಿ ಇದೇ ಗಿಡ ಅಂಗೈ ಅಗಲದ ಎಲೆ ಕೊಡುತ್ತಿತ್ತು. ಒಂದು ಹಿಡಿ ಕಿತ್ತರೆ ಒಂದು ಗಡಿಗೆ ಪಲ್ಯ. ಈಗ ತುದಿಯಲ್ಲಿರುವುದು ಬೆರಳಿನಷ್ಟು ಅಗಲದ ಸೀಳುಗಳು, ಅಂಚು ಗರಗಸ, ಮುಟ್ಟಿದರೆ ಬಿರುಸು. ಒಂದು ಚೂರು ಹಲ್ಲಿನ ನಡುವೆ ಇಟ್ಟು ನೋಡಿ. ಮೊದಲು ಏನೂ ಇಲ್ಲ, ಹಸಿ ಹುಲ್ಲಿನ ರುಚಿ. ಆಮೇಲೆ ದವಡೆಯ ಹಿಂದೆ, ಕಿವಿಯ ಬುಡದಲ್ಲಿ ಯಾರೋ ಹಿಂಡುತ್ತಾರೆ. ಕಣ್ಣು ತಾನಾಗಿ ಮುಚ್ಚುತ್ತದೆ, ಬಾಯ್ತುಂಬ ನೀರು. ಹೆಗಲು ಕಿವಿಯ ತನಕ ಏರಿ ಇಳಿಯುತ್ತದೆ.

ದೊಡ್ಡವ್ವ ನಗುತ್ತಾಳೆ. "ಹೂ ಬಿಟ್ಟ ಪುಂಡಿ. ಸಿಟ್ಟೀಲೆ ಇರತೈತಿ."

ಹೂ ನಿಮ್ಮ ಮೂಗಿನ ಎದುರಿಗೇ ಇದೆ. ಬೆಣ್ಣೆ ಬಣ್ಣದ ಐದು ಎಸಳು. ಒಳಗೆ, ತಳದಲ್ಲಿ, ಕಡುಗೆಂಪು, ಕಪ್ಪೇ ಅನ್ನಿ. ಅದರೊಳಗೆ ಒಂದು ಇರುವೆ ಇಬ್ಬನಿಗೆ ಸಿಕ್ಕಿ ಒದ್ದಾಡುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಈ ಹೂ ಮುದುಡುತ್ತದೆ, ನಾಳೆ ಅದರ ಮೇಲಿನದು ಅರಳುತ್ತದೆ. ಪುಂಡಿಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ, ಅದು ಏರಿದಂತೆಲ್ಲ ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ. ಗಿಡಕ್ಕೆ ಇದನ್ನು ಹೇಳಿಕೊಡುವುದು ಹಗಲು. ಮಿರಗದ ಮಳೆಗೆ ಬಿತ್ತಿದ ಬೀಜ, ಹಗಲು ಉದ್ದವಿದ್ದಷ್ಟು ದಿನ ಎಲೆ ಹಾಕುತ್ತ ಎತ್ತರಕ್ಕೆ ಹೋಗುತ್ತದೆ. ಹಗಲು ಸುಮಾರು ಹನ್ನೆರಡೂವರೆ ತಾಸಿಗಿಂತ ಕೆಳಗಿಳಿಯಿತೋ, ಎಲೆಯ ಕೆಲಸ ಬಿಟ್ಟು ಬೀಜದ ಕೆಲಸ ಹಿಡಿಯುತ್ತದೆ. ಎಷ್ಟು ನೀರು ಹಾಕಿದರೂ, ಎಷ್ಟು ಗೊಬ್ಬರ ಕೊಟ್ಟರೂ ಅದು ಆ ಮಾತು ಕೇಳುವುದಿಲ್ಲ.

ಹಾಗಾಗಿ ಈಗ ನೀವು ಕೈ ಚಾಚಿದಾಗಲೆಲ್ಲ ಲೆಕ್ಕ ಬೇಕು. ತುದಿ ಚಿವುಟಿದಿರೋ, ಎಲೆಯ ಜೊತೆಗೆ ಮೊಗ್ಗೂ ಬಂತು. ಅಷ್ಟು ಬೀಜ ಹೋಯಿತು. ಬೀಜಕ್ಕೆಂದು ಬಿಟ್ಟಿರೋ, ಕಾಯಿ ಬಲಿಯುವ ಹೊತ್ತಿಗೆ ತೊಗಟೆ ಬಿರುಸಾಗಿ ನಾರು ಕೆಡುತ್ತದೆ. ನಾರು ಬೇಕೆಂದರೆ ಇವತ್ತೇ, ಅರ್ಧ ಹೂ ಅರಳಿ ಅರ್ಧ ಮೊಗ್ಗಿರುವಾಗಲೇ, ಬುಡಕ್ಕೆ ಕುಡಗೋಲು ಹಾಕಬೇಕು; ಆಗ ಪಲ್ಯವೂ ಇಲ್ಲ, ಬೀಜವೂ ಇಲ್ಲ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲುವಾಗ ಇನ್ನೂ ಈ ಚಿಂತೆ ಇರಲಿಲ್ಲ.

ಚಳಿ ದೇಶಗಳ ಹಿತ್ತಲಲ್ಲಿ ರುಬಾರ್ಬ್ ಎಂದೊಂದು ಗಿಡವಿದೆ, ಹುಳಿಯಲ್ಲಿ ಪುಂಡಿಗೆ ಸಾಟಿ. ಅಲ್ಲಿ ಎಲ್ಲ ಉಲ್ಟಾ: ದಂಟು ತಿನ್ನುತ್ತಾರೆ, ಎಲೆ ವಿಷ. ಮೊದಲ ಮಹಾಯುದ್ಧದ ಕೊರತೆಯ ದಿನಗಳಲ್ಲಿ ಬ್ರಿಟನ್ನಿನಲ್ಲಿ ಎಲೆಯನ್ನೂ ಸೊಪ್ಪಿನ ಹಾಗೆ ತಿನ್ನಿ ಎಂದು ಜನಕ್ಕೆ ಹೇಳಿ, ತಿಂದವರು ಹಾಸಿಗೆ ಹಿಡಿದ ಮೇಲೆ ಆ ಮಾತನ್ನು ನುಂಗಿಕೊಳ್ಳಬೇಕಾಯಿತು. ಅಲ್ಲಿಯವರೂ ಬೇಸಿಗೆ ನಡುವಿಗೆ ಬಂತೆಂದರೆ ದಂಟು ಕೀಳುವ ಕೈ ಹಿಂದೆ ತೆಗೆಯುತ್ತಾರೆ, ಬೇರಿಗೆ ಮುಂದಿನ ವರ್ಷದ ಬಲ ಉಳಿಯಲಿ ಎಂದು. ಪುಂಡಿಯ ಬೇರಿಗೆ ಮುಂದಿನ ವರ್ಷವಿಲ್ಲ. ಇರುವುದೆಲ್ಲ ಬೀಜದಲ್ಲಿ. ಆದ್ದರಿಂದಲೇ ದೊಡ್ಡವ್ವ ಒಂದೊಂದು ಗಿಡದ ಮುಂದೆಯೂ ಕತ್ತೆತ್ತಿ ನೋಡಿ, ಒಂದು ಗಳಿಗೆ ನಿಂತು, ಆಮೇಲೆ ಕೈ ಹಾಕುತ್ತಿರುವುದು.

ಅವಳ ಹಂಚಿಕೆ ಹೀಗೆ. ನೀರಿನ ಕಾಲುವೆಯ ಬದಿಯ ಹದಿನೈದಿಪ್ಪತ್ತು ಗಿಡ, ದಪ್ಪ ದಂಟಿನವು, ಬೀಜಕ್ಕೆ. ಅವುಗಳ ಎಲೆಯನ್ನೂ ಮುಟ್ಟುವಂತಿಲ್ಲ. ನಡುವಿನ ಸಾಲು ಇವತ್ತು ಕೊಯ್ಯುವುದು. ಕೊಯ್ಯುವ ಗಿಡದ ಎಲೆಯೆಲ್ಲ ಪಲ್ಯಕ್ಕೆ. ಆಚೆ ತುದಿಯದನ್ನು ಮೂರು ದಿನದ ಹಿಂದೆಯೇ ಕೊಯ್ದು ಬದುವಿಗೆ ಒರಗಿಸಿದ್ದಾಳೆ. ಅದರ ಎಲೆ ಉದುರಿ ಬರೀ ಕಟಗಿ ಉಳಿದಿದೆ, ಅದು ಸಂಜೆ ಕೆರೆಗೆ.

"ನೀ ಕೊಯ್ಯಿ," ಎಂದು ಕುಡಗೋಲು ಕೈಗೆ ಕೊಡುತ್ತಾಳೆ.

ಹಿಡಿ ಬೆಚ್ಚಗಿದೆ. ಬಗ್ಗುತ್ತೀರಿ. ಆಗ ನೆಲ ಕಾಣುತ್ತದೆ: ಉದುರಿದ ಎಲೆ ಒಂದು ಗೇಣು ದಪ್ಪ, ಕಂದು, ಕೆಳಗೆ ಏನಿದೆಯೋ ತಿಳಿಯದು. ಭತ್ತ ಕೊಯ್ಲಿಗೆ ಬಂದಿರುವ ಕಾಲ. ಗದ್ದೆಯ ಇಲಿ ಬದುವಿಗೆ ಬರುತ್ತದೆ, ಇಲಿಯ ಹಿಂದೆ ಕೊಳಕುಮಂಡಲ ಬರುತ್ತದೆ, ಒಣಗಿದ ಎಲೆಯ ಮೇಲೆ ಅದರ ಮೈಯ ಬಣ್ಣ ಬೇರೆ ಕಾಣುವುದೇ ಇಲ್ಲ. ದೊಡ್ಡವ್ವ ಕೋಲಿನಿಂದ ಬುಡ ಬಡಿಯುತ್ತಾಳೆ. ಒಂದು. ಎರಡು. ನೀವು ಉಸಿರು ಹಿಡಿದು ಕೇಳುತ್ತೀರಿ. ಕೊಳಕುಮಂಡಲ ಸುಮ್ಮನೆ ಹೋಗುವ ಹಾವಲ್ಲ, ಮೊದಲು ಬುಸುಗುಡುತ್ತದೆ. ಸದ್ದಿಲ್ಲ. ಮತ್ತೆ ಬಡಿಯುತ್ತಾಳೆ. ಒಂದು ಕಪ್ಪೆ ಜಿಗಿದು ಹತ್ತಿಯೊಳಗೆ ನುಗ್ಗುತ್ತದೆ, ನಿಮ್ಮ ಎದೆ ಅದರ ಹಿಂದೆಯೇ ಜಿಗಿಯುತ್ತದೆ.

"ಏನಿಲ್ಲ, ಹಾಕು."

ಎಡಗೈಯಲ್ಲಿ ದಂಟು ಹಿಡಿದು, ನೆಲದಿಂದ ನಾಲ್ಕು ಬೆರಳು ಮೇಲೆ, ಓರೆಯಾಗಿ ಎಳೆಯುತ್ತೀರಿ. ಕರಕ್. ತುಂಡಾಯಿತೆಂದು ಎತ್ತಿದರೆ ಒಂದು ಕಡೆಯ ತೊಗಟೆ ಬಿಡದೆ ಜಗ್ಗುತ್ತದೆ. ಸೀಳುತ್ತ, ಸೀಳುತ್ತ ಬುಡದ ತನಕ ಹೋಗುತ್ತದೆ, ಹರಿಯುವುದಿಲ್ಲ. ಅದನ್ನು ಬೆರಳಿಗೆ ಸುತ್ತಿ ಎಳೆದು ನೋಡಿ: ಬೆರಳು ಕೆಂಪಾಗುತ್ತದೆ, ತೊಗಟೆ ಹಾಗೇ ಇರುತ್ತದೆ. ಒಂದು ಎತ್ತನ್ನು ಇಡೀ ರಾತ್ರಿ ಗೂಟಕ್ಕೆ ನಿಲ್ಲಿಸುವ ಕಸುವು ಈ ಹಸಿರು ಸಿಪ್ಪೆಯಲ್ಲಿದೆ. ಬಿಸಿಲು ಬೆನ್ನಿಗೆ ಏರುವ ಹೊತ್ತಿಗೆ ನಿಮ್ಮ ಮುಂಗೈ ತುಂಬ ಕೆಂಪು ಚುಕ್ಕೆ, ಬೆವರು ತಾಗಿದಲ್ಲೆಲ್ಲ ಉರಿ. ತುರಿಸಿಕೊಳ್ಳಬೇಡಿ. ತುರಿಸಿದರೆ ಸುಂಕು ಒಳಕ್ಕಿಳಿಯುತ್ತದೆ. ದೊಡ್ಡವ್ವ ಒಂದು ಹಿಡಿ ಒಣಮಣ್ಣು ತೆಗೆದು ನಿಮ್ಮ ತೋಳಿಗೆ ತಿಕ್ಕುತ್ತಾಳೆ, ಕೊಡವುತ್ತಾಳೆ. ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಎಲೆಯ ಹೊರೆ ನಿಮ್ಮ ತಲೆಗೆ, ಒಂದು ಹಳೆಯ ಧೋತರದಲ್ಲಿ ಕಟ್ಟಿ. ದಂಟಿನ ಕಟ್ಟನ್ನು ಅಲ್ಲೇ ಬದುವಿಗೆ ಒರಗಿಸಿಯಾಯಿತು. ಹೊರೆ ಹಗುರ, ಆದರೆ ಒದ್ದೆ. ಹಣೆಯ ಮೇಲೆ ಹಸಿರು ನೀರು ಇಳಿದು ಕಣ್ಣಿಗೆ ಬರುತ್ತದೆ. ಹೊಲದ ದಾರಿ ಮುಗಿದು ಊರಿನ ಅಂಚಿನ ಓಣಿಗೆ ತಿರುಗುತ್ತೀರಿ. ಎರಡೂ ಕಡೆ ಮಣ್ಣಿನ ಗೋಡೆ, ನಡುವೆ ಒಂದು ಚಕ್ಕಡಿ ಹೋಗುವಷ್ಟು ಜಾಗ.

ಸದ್ದು ಮೊದಲು ಬರುತ್ತದೆ. ಹಲಗೆ. ಶಿಳ್ಳೆ. ಸಾವಿರ ಗಂಟಲಿನ ಒಂದು ಕೂಗು, ಏರಿ ಒಮ್ಮೆಲೇ ಒಡೆಯುತ್ತದೆ. ಇವತ್ತು ಹೋರಿ ಬೆದರಿಸುವ ಹಬ್ಬ. ಹಾವೇರಿ ಸೀಮೆಯಲ್ಲಿ ದೀಪಾವಳಿ ಮುಗಿದ ಮೇಲಿನ ತಿಂಗಳುಗಳಲ್ಲಿ ಇದು ಒಂದಲ್ಲ ಒಂದು ಊರಿನಲ್ಲಿ ನಡೆಯುತ್ತಲೇ ಇರುತ್ತದೆ. ಮೈತುಂಬ ಜೂಲು, ಕೋಡಿಗೆ ಬಲೂನು, ಕೊರಳಿಗೆ ಕೊಬ್ಬರಿ ಗಿಟುಕಿನ ಹಾರ ಕಟ್ಟಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಹುಡುಗರು ಕೊಬ್ಬರಿ ಹರಿಯಬೇಕು, ಹೋರಿ ಹರಿಯಗೊಡದೆ ದಾಟಬೇಕು. ದಾಟಿದ ಹೋರಿ ನೇರ ಓಡಿ ತನ್ನವರ ಹತ್ತಿರ ನಿಂತರೆ ಚಲೋ. ಕೆಲವು ನಿಲ್ಲುವುದಿಲ್ಲ. ಇದರಲ್ಲಿ ತಿವಿಸಿಕೊಂಡು ಸತ್ತವರಿದ್ದಾರೆ, ಸುಮ್ಮನೆ ನೋಡಲು ನಿಂತಿದ್ದವರೂ.

ನೆಲ ನಡುಗುತ್ತದೆ. ಅಂಗಾಲಿಗೆ ಅದು ಕಿವಿಗಿಂತ ಮೊದಲೇ ಗೊತ್ತಾಗುತ್ತದೆ. ಗೆಜ್ಜೆ. ಗೊರಸು. ಓಣಿಯ ತಿರುವಿನಲ್ಲಿ ಧೂಳು ಏಳುತ್ತದೆ, ಧೂಳಿನೊಳಗಿಂದ ಒಂದು ಕೆಂಪು ಬಲೂನು, ಆಮೇಲೆ ಕೋಡು, ಆಮೇಲೆ ಎದೆ.

"ಗ್ವಾಡಿಗೆ ಹತ್ತು! ಹೊರಿ ಬಿಡು!"

ಬಿಡಬೇಕು. ಬಿಟ್ಟರೆ ಮುಂಜಾನೆಯ ಕೆಲಸವೆಲ್ಲ ಗೊರಸಿನ ಕೆಳಗೆ. ಹಿಡಿದರೆ ಎರಡೂ ಕೈ ತಲೆಯ ಮೇಲೆ, ಹೊಟ್ಟೆ ಬರಿದು. ಈ ಲೆಕ್ಕಕ್ಕೆ ನಿಮಗೆ ಸಿಕ್ಕಿದ್ದು ಒಂದು ಉಸಿರು. ಬೆನ್ನು ಗೋಡೆಗೆ ಬಡಿಯುತ್ತದೆ. ಕೈ ತಾನಾಗಿ ಹೊರೆಯನ್ನು ಕೆಳಕ್ಕೆಳೆದು ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ನಡುವೆ ಎಲೆಯ ಗಂಟು, ಆಚೆ ಹೋರಿ. ಬಂತು. ಬಿಸಿ ಗಾಳಿ, ಬೆವರು, ಸಗಣಿ, ಹಸಿ ಕೊಬ್ಬರಿ ಎಣ್ಣೆಯ ವಾಸನೆ. ಕೋಡಿನ ಕೊಡಣಸು ಗೋಡೆಯ ಮಣ್ಣನ್ನು ಗೀರಿಕೊಂಡು ಹೋಗುತ್ತದೆ, ನಿಮ್ಮ ಭುಜದ ಮೇಲೆ ಮಣ್ಣು ಉದುರುತ್ತದೆ. ಒಂದು ದೊಡ್ಡ ಕಪ್ಪು ಕಣ್ಣು. ಅದರಲ್ಲೂ ಹೆದರಿಕೆಯೇ ಇದೆ. ಪಕ್ಕೆಲುಬು ಗಂಟಿಗೆ ಉಜ್ಜುತ್ತದೆ, ನಿಮ್ಮನ್ನು ಅರ್ಧ ಸುತ್ತು ತಿರುಗಿಸುತ್ತದೆ. ಆಮೇಲೆ ಬಾಲ, ಧೂಳು, ಹಿಂದೆ ಓಡುವ ಹುಡುಗರ ಕಾಲು.

ಹೋಯಿತು.

ಮೊಣಕಾಲು ನಿಮ್ಮ ಮಾತು ಕೇಳುತ್ತಿಲ್ಲ. ಗೋಡೆಗುಂಟ ಜಾರಿ ಕೂಡುತ್ತೀರಿ. ಕೈ ಹೊಟ್ಟೆಯ ಮೇಲೆ ಆಡುತ್ತದೆ: ಒದ್ದೆ. ಎತ್ತಿ ನೋಡಿದರೆ ಹಸಿರು. ಗಂಟಿನೊಳಗಿನ ಎಲೆ ಜಜ್ಜಿ ರಸ ಬಿಟ್ಟಿದೆ, ಓಣಿಯೆಲ್ಲ ಹುಳಿ ನಾತ. ದೊಡ್ಡವ್ವ ಬಂದು ಮೊದಲು ನಿಮ್ಮ ಮುಖ ನೋಡುತ್ತಾಳೆ, ಆಮೇಲೆ ಗಂಟು.

"ಜಜ್ಜಿದ್ದ ಮೊದಲ ಹಾಕೂಣು," ಎನ್ನುತ್ತಾಳೆ. "ಕಪ್ಪಾಗತೈತಿ, ಏಳು."

ಏಳುವಾಗ ಓಣಿಯ ಆ ತುದಿಯಲ್ಲಿ ಹೋರಿ ಹಿಡಿದವರು ಕಾಣುತ್ತಾರೆ. ನಾಲ್ವರು ಹಗ್ಗಕ್ಕೆ ಜೋತುಬಿದ್ದಿದ್ದಾರೆ. ಹಗ್ಗ ನೀಲಿ ಬಣ್ಣದ್ದು, ಪ್ಲಾಸ್ಟಿಕ್ಕು. ಒಬ್ಬ ಅಂಗೈ ತೆರೆದು ಊದಿಕೊಳ್ಳುತ್ತಿದ್ದಾನೆ. ಜಾರಿದ ಹಗ್ಗ ಸುಟ್ಟ ಗೆರೆ ಇಲ್ಲಿಂದಲೇ ಕಾಣುತ್ತದೆ. ಪುಂಡಿ ನಾರಿನ ಹಗ್ಗ ಬೆವರು ಹೀರುತ್ತದೆ, ಕೈ ಹಿಡಿಯುತ್ತದೆ, ಎತ್ತಿನ ಮೂಗು ಕೊಯ್ಯುವುದಿಲ್ಲ. ಆದರೆ ಮಳೆಗೆ ಕೊಳೆಯುತ್ತದೆ, ಪೇಟೆಯಲ್ಲಿ ಸಿಗುವುದಿಲ್ಲ, ಅದನ್ನು ಹೊಸೆಯಲು ಯಾರಾದರೂ ಹೊತ್ತು ಕಳೆಯಬೇಕು. ನೀಲಿ ಹಗ್ಗ ಗೆದ್ದದ್ದಕ್ಕೆ ಯಾರನ್ನೂ ಬೈಯುವಂತಿಲ್ಲ. ದೊಡ್ಡವ್ವನ ದನದ ಮನೆಯಲ್ಲಿ ಮಾತ್ರ ಮೂಗುದಾರ ಇನ್ನೂ ಪುಂಡಿಯದೇ.

ಅಡುಗೆಮನೆಯಲ್ಲಿ ಬೆಳಕು ಕಡಿಮೆ, ಹೊಗೆ ಹೆಚ್ಚು. ನೀವು ಗೋಡೆಗೆ ಬೆನ್ನು ಕೊಟ್ಟು ಎಲೆ ಸೋಸುತ್ತಿದ್ದೀರಿ. ಬೆರಳು ಇನ್ನೂ ಸಣ್ಣಗೆ ನಡುಗುತ್ತಿದೆ, ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಎಲೆಯ ಬೆನ್ನಿನ ನರ ಹಿಡಿದು ತುದಿಯ ಕಡೆಗೆ ಎಳೆಯಿರಿ. ನಾರು ಬಂದರೆ ಅದು ತಿಪ್ಪೆಗೆ, ಬರದಿದ್ದರೆ ಗಡಿಗೆಗೆ. ಶ್ರಾವಣದ ಎಲೆಗೆ ಈ ಪರೀಕ್ಷೆ ಬೇಕಿರಲಿಲ್ಲ. ಮೊಗ್ಗಿನ ತೊಟ್ಟು, ಕಾಯಿಯ ಸಿಪ್ಪೆ ಒಂದೂ ಉಳಿಯಬಾರದು, ಅದರ ಮೇಲಿನ ರೋಮ ಗಂಟಲಿಗೆ ಹತ್ತಿದರೆ ದಿನವಿಡೀ ಕೆಮ್ಮು. ಒಂದು ಹೊರೆ ತಂದದ್ದು ಸೋಸಿದ ಮೇಲೆ ಅರ್ಧ ಹೊರೆ.

ಕೈ ಹಿತ್ತಾಳೆಯ ಪಾತ್ರೆಯ ಕಡೆ ಹೋಗುತ್ತದೆ. "ಅದಕ್ಕ ಕಲಾಯಿ ಹೋಗೇತಿ," ಎಂದು ದೊಡ್ಡವ್ವ ತಡೆಯುತ್ತಾಳೆ. ಹುಳಿ ಹಿತ್ತಾಳೆಯನ್ನು ಕಚ್ಚಿ ಕಿಲುಬು ಬಿಡಿಸುತ್ತದೆ. ಅಲ್ಯೂಮಿನಿಯಮ್ಮಿಗೂ ಅದೇ ಗತಿ. ಮಣ್ಣಿನ ಗಡಿಗೆ ಒಲೆಗೇರುತ್ತದೆ.

ಎಲೆ ಒಂದು ಕುದಿ ಬೇಯುತ್ತದೆ. ಹಸಿರು ಬಣ್ಣ ಕಣ್ಣೆದುರೇ ಹೋಗಿ ಸೈನಿಕರ ಬಟ್ಟೆಯ ಬಣ್ಣ ಬರುತ್ತದೆ, ಆವಿ ಮೂಗಿಗೆ ತಾಗಿ ಸೀನು. ಈ ಮೊದಲ ನೀರನ್ನು ಬಸಿದುಬಿಡಬೇಕು. ಮಳೆಗಾಲದ ಎಲೆಗೆ ಬಸಿಯದಿದ್ದರೂ ನಡೆಯುತ್ತದೆ, ಈಗಿನದಕ್ಕೆ ನಡೆಯುವುದಿಲ್ಲ. ಹುಳಿಯ ಒಂದು ಪಾಲು ಆಕ್ಸಾಲಿಕ್ ಆಮ್ಲ, ನೀರಿಗೆ ಇಳಿಯುವಂಥದ್ದು. ಮೂತ್ರಪಿಂಡದಲ್ಲಿ ಹರಳಾದವರಿಗೆ ವೈದ್ಯರು ಪುಂಡಿ ಬೇಡ ಎನ್ನುವುದು ಇದರಿಂದಲೇ. ಪೂರ್ತಿ ಬಸಿದರೆ ಪುಂಡಿ ಎನ್ನುವ ಹೆಸರಿಗೂ ಹುಳಿ ಉಳಿಯುವುದಿಲ್ಲ. ಎಷ್ಟು ಬಸಿಯಬೇಕು? ದೊಡ್ಡವ್ವ ಗಡಿಗೆ ಓರೆ ಮಾಡಿ ಸೌಟು ಅಡ್ಡ ಹಿಡಿಯುತ್ತಾಳೆ, ನಿಮ್ಮ ಕಡೆ ನೋಡುತ್ತಾಳೆ. ತೀರ್ಮಾನ ನಿಮ್ಮದು. ಮುಂಜಾನೆ ಕಚ್ಚಿದ ಎಲೆ ನೆನಪಾಗಿ ದವಡೆ ಬಿಗಿಯುತ್ತದೆ. ಸಾಕು ಎನ್ನುತ್ತೀರಿ. ಅವಳು ಇನ್ನೊಂದು ಚೂರು ಬಸಿಯುತ್ತಾಳೆ.

ತೊಗರಿಬೇಳೆ ಬೇರೆ ಬೆಂದಿದೆ. ಅದು, ಸೀಳಿದ ಹಸಿಮೆಣಸಿನಕಾಯಿ, ಉಪ್ಪು, ಹೆಬ್ಬೆರಳ ಗಾತ್ರದ ಬೆಲ್ಲ, ಆಮೇಲೆ ನುಚ್ಚು. ಉತ್ತರಕ್ಕೆ, ಬಯಲಿನ ಕಡೆ, ಜೋಳದ ನುಚ್ಚು ಹಾಕುತ್ತಾರೆ. ಇಲ್ಲಿ ಅಕ್ಕಿಯ ನುಚ್ಚು. ಹಾನಗಲ್ಲ ತಾಲೂಕು ಅರೆಮಲೆನಾಡು: ಪಡುವಣಕ್ಕೆ ಕಾಡು, ಮೂಡಣಕ್ಕೆ ಬಯಲು, ನಡುವೆ ಕೆರೆ ಮತ್ತು ಭತ್ತ. ಊರಿನ ಹೆಸರೇ ಅಕ್ಕಿಯಿಂದ ಶುರುವಾಗುವಾಗ ನುಚ್ಚಿಗೆ ಬರಗಾಲವೇನು. ತಾಟಿನಲ್ಲಿ ರೊಟ್ಟಿಯೂ ಇರುತ್ತದೆ, ಅನ್ನವೂ ಇರುತ್ತದೆ, ಪುಂಡಿ ಎರಡಕ್ಕೂ ಆಗುತ್ತದೆ.

ನುಚ್ಚು ಬೇಯುವಷ್ಟು ಹೊತ್ತು ನೀವು ಹಿತ್ತಲಿಗೆ. ಬಚ್ಚಲ ನೀರು ಹರಿಯುವಲ್ಲಿ ಎರಡು ಕೆಂಪು ಪುಂಡಿ. ಕಾಂಡ ಕೆಂಪು, ತೊಟ್ಟು ಕೆಂಪು, ಹೂ ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡ ದಪ್ಪ ಎಸಳಂತೂ ರಕ್ತಗೆಂಪು. ಹೊಲದ ಪುಂಡಿಗೆ ಈ ಮಾಂಸಲ ಎಸಳಿಲ್ಲ, ಅದರದು ಬರೀ ಮುಳ್ಳು. ಕೆಂಪು ಕಾಯಿ ಹಿಡಿದು ಬಗ್ಗಿಸಿ: ಟಕ್ಕೆಂದು ಮುರಿದರೆ ಹದ. ಬಗ್ಗಿ ನಾರು ಹಿಡಿದರೆ ಹೊತ್ತು ಮೀರಿದೆ, ಕತ್ತರಿ ಬೇಕು. ಈ ಗಿಡದಲ್ಲಿ ಅರ್ಧ ಮುರಿಯುತ್ತವೆ, ಅರ್ಧ ಮುರಿಯುವುದಿಲ್ಲ. ಒಳಗಿನ ಕಾಯಿ ಬಿಡಿಸಿ ಕೆಂಪು ಎಸಳಷ್ಟನ್ನೇ ಒಣಗಿಸಿದರೆ, ಸುಡಾನ್, ಈಜಿಪ್ಟುಗಳಲ್ಲಿ ಕರ್ಕಾದೆ ಎಂದು ಕುಡಿಯುವ ಕೆಂಪು ಪಾನಕ ಇದರದೇ. ಜಮೈಕಾದಲ್ಲಿ ಕ್ರಿಸ್‌ಮಸ್ಸಿಗೆ ಶುಂಠಿ ಹಾಕಿ ಕಾಯಿಸುವುದೂ ಇದನ್ನೇ. ದೊಡ್ಡವ್ವ ಬೆಲ್ಲ, ಒಣಮೆಣಸಿನಕಾಯಿ ಹಾಕಿ ಕುಟ್ಟಿ ಚಟ್ನಿ ಮಾಡುತ್ತಾಳೆ, ಅದರ ಮುಂದೆ ಪಾನಕ ಏನೂ ಅಲ್ಲ ಎನ್ನುವುದು ನನ್ನ ಮತ. ಬೆರಳ ತುದಿ ಕೆಂಪಾಗಿದೆ. ಮುಂಗೈಯ ಚುಕ್ಕೆಗಳೂ ಕೆಂಪು. ಯಾವುದು ಬಣ್ಣ ಯಾವುದು ಗಾಯ ತಿಳಿಯದು.

ಒಳಗಿಂದ ಕಡಗೋಲಿನ ಸದ್ದು. ಓಡಿ ಬನ್ನಿ, ಒಗ್ಗರಣೆ ಕಾಯುವುದಿಲ್ಲ. ಶೇಂಗಾ ಎಣ್ಣೆ, ಧಾರಾಳ. ಸಾಸಿವೆ ಸಿಡಿಯುತ್ತದೆ. ಜಜ್ಜಿದ ಬೆಳ್ಳುಳ್ಳಿ ಒಂದು ಮುಷ್ಟಿ: ಬೆಳ್ಳಗಿದೆ, ಬೆಳ್ಳಗಿದೆ, ಅಂಚು ಹಳದಿ, ಹೊನ್ನು. ಈಗ. ಬ್ಯಾಡಗಿ ಮೆಣಸಿನಕಾಯಿ ಎರಡು ಮುರಿದು ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಣ್ಣೆ ಕೆಂಪು. ಇನ್ನೊಂದು ಗಳಿಗೆ ಬಿಟ್ಟರೆ ಕಹಿ. ಸುರಿಯುತ್ತೀರಿ. ಗಡಿಗೆ ಭರ್ರೆಂದು ಉಕ್ಕುತ್ತದೆ, ಹಿಂದಕ್ಕೆ ಸರಿಯುತ್ತೀರಿ, ಬೆಳ್ಳುಳ್ಳಿಯ ವಾಸನೆ ಹುಳಿಯ ಆವಿಯನ್ನು ಹಿಡಿದು ಮಾಡಿಗೆ ಏರುತ್ತದೆ.

ರೊಟ್ಟಿಯ ತುಂಡು, ಅದರ ಮೇಲೆ ಪಲ್ಯ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಮೊಸರು ಬಾಯಿಗೂ ಹಿತ, ಹೊಟ್ಟೆಗೂ. ಅದರ ಸುಣ್ಣದಂಶ ಆಕ್ಸಾಲಿಕ್ ಹುಳಿಯನ್ನು ಹೊಟ್ಟೆಯಲ್ಲೇ ಹಿಡಿದು ಹಾಕುತ್ತದೆ. ಮೊದಲ ತುತ್ತು ನುಂಗುವಾಗ ಮುಂಜಾನೆಯಂತೆ ಹೆಗಲು ಏರುವುದಿಲ್ಲ. ಹುಳಿ ಬರುತ್ತದೆ, ಖಾರ ಅದರ ಬೆನ್ನು ಹತ್ತುತ್ತದೆ, ನುಚ್ಚು ಎರಡನ್ನೂ ಹಿಡಿದು ಕೂರಿಸುತ್ತದೆ. ಎಳೆ ಎಲೆಯ ಪಲ್ಯ ಇದಕ್ಕಿಂತ ಮೆತ್ತಗಿರುತ್ತದೆ, ನಿಜ. ಇಷ್ಟು ಹೊತ್ತು ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಮೂರನೆಯ ರೊಟ್ಟಿಗೆ ಹಲ್ಲು ಚುಳ್ಳೆನ್ನತೊಡಗುತ್ತದೆ. ನಿಲ್ಲಿಸಬೇಕು. ನಾಲ್ಕನೆಯದಕ್ಕೆ ಕೈ ಚಾಚುತ್ತೀರಿ.

ಇಳಿಹೊತ್ತು. ಎಲೆ ಉದುರಿದ ಕಟ್ಟುಗಳು ಹೆಗಲ ಮೇಲೆ. ಕೆರೆಯ ಅಂಚಿಗೆ ಬಂದಾಗಲೇ ಮೂಗು ಹೇಳುತ್ತದೆ, ನಿಮಗಿಂತ ಮೊದಲು ಯಾರೋ ಪುಂಡಿ ಹಾಕಿದ್ದಾರೆ ಎಂದು. ಕೊಳೆತ ಗೆಣಸು, ಹಳಸಿದ ಬೆಣ್ಣೆ, ಸತ್ತ ಇಲಿ ಮೂರೂ ಸೇರಿದ ನಾತ. ನೀರಿನೊಳಗೆ ಗಾಳಿ ಬೇಡದ ಸೂಕ್ಷ್ಮಜೀವಿಗಳು ತೊಗಟೆಯ ಅಂಟನ್ನು ತಿಂದು ನಾರನ್ನು ಬಿಡಿಸುತ್ತವೆ. ನೀವು ಉಸಿರಾಡುತ್ತಿರುವುದು ಅವುಗಳ ಊಟದ ವಾಸನೆ. ಬಾಯಿಂದ ಉಸಿರು ತೆಗೆದುಕೊಂಡರೆ ರುಚಿಯೂ ಗೊತ್ತಾಗುತ್ತದೆ, ಅದಕ್ಕೆ ಮೂಗೇ ವಾಸಿ.

ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತವನು ಎದ್ದು ನಿಲ್ಲುತ್ತಾನೆ. ಈ ವರ್ಷ ಕೆರೆಯ ಮೀನು ಗುತ್ತಿಗೆ ಹಿಡಿದವನು. "ಯವ್ವಾ, ಇಲ್ಲಿ ಹಾಕಬ್ಯಾಡ್ರಿ. ಮೀನ ಸಾಯ್ತಾವು."

ಅವನ ಮಾತು ಸುಳ್ಳಲ್ಲ. ಕೊಳೆಯುವ ಪುಂಡಿ ನೀರಿನ ಗಾಳಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಬಂಗಾಳದಲ್ಲಿ, ಆಂಧ್ರದಲ್ಲಿ, ಸೆಣಬು ಕೊಳೆಹಾಕುವ ಕಡೆಯಲ್ಲೆಲ್ಲ ಇದೇ ಜಗಳ. 1947ರ ದೇಶವಿಭಜನೆಯಲ್ಲಿ ಸೆಣಬಿನ ಹೊಲಗಳ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಗಿರಣಿಗಳು ಕಲ್ಕತ್ತದಲ್ಲಿ ಉಳಿದಾಗ, ಚೀಲ ನೇಯಲು ಭಾರತ ಹಿಡಿದದ್ದು ಇದೇ ಪುಂಡಿಯ ಕುಲವನ್ನು. ಅದಕ್ಕೂ ಮೊದಲೇ ಆಂಧ್ರದ ಭೀಮುನಿಪಟ್ನಂ ಬಂದರಿನಿಂದ ಬಿಮ್ಲಿ ಸೆಣಬು ಎಂಬ ಹೆಸರಿನಲ್ಲಿ ಅದು ಹಡಗು ಹತ್ತಿತ್ತು. ದೊಡ್ಡವ್ವನಿಗೆ ಚೀಲ ಬೇಡ. ಆರು ಮೊಳದ ಕಣ್ಣಿ ನಾಲ್ಕು, ಮೂಗುದಾರ ಎರಡು, ನೆಲುವಿಗೊಂದಿಷ್ಟು.

"ಎಲ್ಲಿ ಹಾಕ್ಲಿ ಹಂಗಾರ? ನಿನ್ನ ತಲೀ ಮ್ಯಾಲ?"

ಅವನು ನಗುವುದೋ ಬೇಡವೋ ಎಂದು ನೋಡುತ್ತಾನೆ. ಕೊನೆಗೆ ಕೈ ತೋರಿಸುತ್ತಾನೆ: ಕೋಡಿಯ ಪಕ್ಕದ ತಗ್ಗು, ಕೆರೆಗೆ ಸೇರದ ನಿಂತ ನೀರು. ಅಲ್ಲಿಗೆ ಕೆಸರು ದಾಟಬೇಕು.

ಕಟ್ಟು ಹೊತ್ತು ಇಳಿಯುತ್ತೀರಿ. ನೀರು ಕಣಕಾಲಿಗೆ ತಾಗಿದಾಗ ಚಳಿ ಎಲುಬಿಗೆ ಹೋಗುತ್ತದೆ. ಎರಡು ಹೆಜ್ಜೆ, ಮೊಣಕಾಲು. ಮೂರನೆಯದಕ್ಕೆ ನೆಲ ಇಲ್ಲ. ಎಡಗಾಲು ಕೆಸರಿನೊಳಕ್ಕೆ ಜಾರಿ, ತೊಡೆಯ ತನಕ ಹೋಗಿ, ಅಲ್ಲೇ ಕಚ್ಚಿಕೊಳ್ಳುತ್ತದೆ. ಎಳೆಯುತ್ತೀರಿ. ಬಲಗಾಲೂ ಇಳಿಯುತ್ತದೆ. ನೀರು ಎದೆಗೆ ಬಂತು, ಹೆಗಲ ಮೇಲಿನ ಕಟ್ಟು ಕತ್ತನ್ನು ಕೆಳಕ್ಕೆ ಒತ್ತುತ್ತಿದೆ. ಒದೆಯಬೇಡಿ. ಒದ್ದಷ್ಟೂ ಹೀರುತ್ತದೆ. ಕಟ್ಟನ್ನು ಮುಂದಕ್ಕೆ ಉರುಳಿಸಿ, ಅದು ತೇಲುತ್ತದೆ, ಒಣಗಿದ ಬೆಂಡಿನ ದಂಟು. ಅದರ ಮೇಲೆ ಎದೆ ಇಟ್ಟು ಮಲಗಿ. ಹಿಮ್ಮಡಿ ಮೊದಲು, ಆಮೇಲೆ ಪಾದ, ಸ್ವಲ್ಪ ಸ್ವಲ್ಪ ತಿರುವಿ. ಪುಳಕ್ಕೆಂದು ಕಾಲು ಬಿಡುತ್ತದೆ.

"ಹಗೂರ," ಎಂದು ದಡದಿಂದ ದೊಡ್ಡವ್ವ. ದನಿಯಲ್ಲಿ ಈಗಷ್ಟೇ ಒಂದು ನಡುಕ.

ತಗ್ಗಿನ ನೀರು ಸೊಂಟದಷ್ಟು, ತಳ ಗಟ್ಟಿ. ಕಟ್ಟುಗಳನ್ನು ಜೋಡಿಸಿ ಮೇಲೆ ಬಾಳೆದಿಂಡು ಬೇಡ, ಅದು ನಾರಿಗೆ ಕಪ್ಪು ಹಿಡಿಸುತ್ತದೆ, ಕಲ್ಲು ಹೇರಿ. ಗುತ್ತಿಗೆದಾರನೇ ನೀರಿಗಿಳಿದು ಕಲ್ಲು ಎತ್ತಿಕೊಡುತ್ತಾನೆ. ಕಟ್ಟು ಪೂರ್ತಿ ಮುಳುಗಬೇಕು, ತಳಕ್ಕೆ ತಾಗಬಾರದು, ಮೇಲಿನದು ಒಣಗಿದರೆ ನಾರು ಬಿಡುವುದಿಲ್ಲ.

ಎಷ್ಟು ದಿನ ಎಂದು ಕೇಳುತ್ತೀರಿ, ಹಲ್ಲು ಕಟಕಟಿಸುತ್ತ.

"ಬ್ಯಾಸಿಗಿಯಾಗಿದ್ರ ಹತ್ತ ದಿನ. ಈಗ ನೀರ ತಣ್ಣಗ ಐತಿ," ಎನ್ನುತ್ತಾಳೆ ದೊಡ್ಡವ್ವ ಸೆರಗಿನಿಂದ ನಿಮ್ಮ ತಲೆ ಒರೆಸುತ್ತ. "ಹನ್ನೆರಡನೇ ದಿನಕ್ಕ ಒಂದ ಕಟಗಿ ಮುರದ ನೋಡೂಣು. ಸಿಪ್ಪಿ ಜಾರಿದ್ರ ತಗಿಯೂದು. ಜಾರ್ಲಿಲ್ಲ, ಮತ್ತ ಎರಡ ದಿನ. ತಡಾ ಮಾಡಿದ್ರ ನಾರೂ ಕೊಳಿತೈತಿ, ಆಮ್ಯಾಲ ಎದಕ್ಕೂ ಬರಂಗಿಲ್ಲ."

"ಆ ದಿನಾ ನಾನೂ ಬರ್ತೇನ್ರಿ," ಎನ್ನುತ್ತಾನೆ ಗುತ್ತಿಗೆದಾರ, ಕೈಯ ಕೆಸರು ತೊಳೆದುಕೊಳ್ಳುತ್ತ. "ಬಲಿ ಕಟ್ಟಾಕ ಒಂದ ನಾಕ ಎಳಿ ನಾರ ಕೊಡ್ರಿ ನನಗೂ."